ಈಜುಡುಗೆ: ಬಿಗಿಯೆಷ್ಟು, ಸಡಿಲವೆಷ್ಟು?

ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳನ್ನೊಳಗೊಂಡ ನಮ್ಮ ಸೀಮೆಯು ಮಳೆಗೆ ಹೆಸರಾದುದಲ್ಲ. ಆದರೂ ಈಜು ಬಲ್ಲವರು ಇಲ್ಲಿ ವಿರಳರಲ್ಲ. ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ಊರೂರಿಗೆ ಕೆರೆಗಳುಂಟು, ಹೊಲಗಳಲ್ಲಿ ಮೆಟ್ಟಿಲಿನ ತೆರೆದ ಬಾವಿಗಳು ತುಂಬಿರುತ್ತಿದ್ದ ಕಾಲದಲ್ಲಿ ಸೊಂಟಕ್ಕೆ ಬೆಂಡನ್ನೋ ಒಣಗಿದ ಸೋರೆ ಬುರುಡೆಯನ್ನೋ ಕಟ್ಟಿಸಿಕೊಂಡು ನೀರಿಗೆ ಬಿದ್ದ ಹುಡುಗರು ಒಂದು ಬೇಸಗೆ ಕಳೆಯುವಷ್ಟರಲ್ಲಿ ಮೀನಿನಂತೆ ಈಜುತ್ತಿದ್ದರು. ಹೀಗೆ ಕಲಿತವನೊಬ್ಬನು ಕಾಲೇಜಿಗೆ ಸೇರಿ, ಅಂತರ ಕಾಲೇಜು ಪಂದ್ಯಗಳಲ್ಲಿ ಭಾಗವಹಿಸಬೇಕೆಂಬ ಹಂಬಲದಿಂದ ಪಟ್ಟಣದ ಈಜುಕೊಳಕ್ಕೆ ಹೋದನೆಂದು ಇಟ್ಟುಕೊಳ್ಳೋಣ. ಅವನನ್ನು ಮೊದಲು ತಡೆಯುವುದು ನೀರಲ್ಲ, ಬಾಗಿಲಲ್ಲಿ ನಿಂತ ಕಾವಲುಗಾರ. ‘ಹತ್ತಿಯ ಚಡ್ಡಿ ಬನಿಯನ್ನುಗಳಿಗೆ ಇಲ್ಲಿ ಪ್ರವೇಶವಿಲ್ಲ, ಕಾಸ್ಟ್ಯೂಮ್ ತೊಟ್ಟು ಬಾ’ ಎನ್ನುತ್ತಾನೆ. ಯುವಕನು ಅಂಗಡಿಗೆ ಹೋದರೆ ಅಲ್ಲಿ ಹತ್ತಾರು ಬಗೆ. ಒಂದು ತೊಡಲು ಸಾಧ್ಯವೇ ಇಲ್ಲವೆಂಬಷ್ಟು ಬಿಗಿ, ಇನ್ನೊಂದು ಮನೆಯ ಚಡ್ಡಿಯಂತೆ ಸಡಿಲ, ಮತ್ತೊಂದರ ಬೆಲೆ ಕೇಳಿದರೆ ಎದೆ ನಡುಗುತ್ತದೆ. ಯುವತಿಯಾದರೆ ಈ ತೊಡಕು ಇಮ್ಮಡಿ. ಎಷ್ಟೋ ಮಂದಿ ಹೆಣ್ಣುಮಕ್ಕಳು ಈಜಿನ ಆಸೆಯನ್ನು ಕೈಬಿಡುವುದು ನೀರಿನ ಅಂಜಿಕೆಯಿಂದಲ್ಲ, ಉಡುಪಿನ ಸಂಕೋಚದಿಂದ.

ಅಂಗಡಿಯವನ ಮಾತನ್ನೂ ಗೆಳೆಯರ ಮಾತನ್ನೂ ಬದಿಗಿಟ್ಟು ಈ ಆಯ್ಕೆಯನ್ನು ಭೌತವಿಜ್ಞಾನದ ಕೈಗೆ ಒಪ್ಪಿಸಿದರೆ ಏನಾಗುವುದೆಂಬುದನ್ನು ವಿಚಾರಿಸೋಣ. ಪ್ರೌಢಶಾಲೆಯ ಪಠ್ಯದಲ್ಲಿರುವ ಆರ್ಕಿಮಿಡಿಸ್, ಹುಕ್ ಮತ್ತು ನ್ಯೂಟನ್ನರ ನಿಯಮಗಳಿಗಿಂತ ಹೆಚ್ಚಿನದೇನೂ ಇಲ್ಲಿ ಬೇಕಾಗುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಹತ್ತಿಯ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಆ ಭಾರವು ಈಜುವವನನ್ನು ಕೆಳಕ್ಕೆ ಎಳೆಯುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ಹತ್ತರಲ್ಲಿ ಒಂಬತ್ತು ಮಂದಿ ಇದೇ ಉತ್ತರವನ್ನು ಕೊಡುತ್ತಾರೆ. ಬಟ್ಟೆ ನೀರು ಕುಡಿಯುವುದು ನಿಜ. ಆದರೆ ನೀರಿನೊಳಗೆ ನೀರಿಗೆ ತೂಕವೆಲ್ಲಿಯದು? ಬಾವಿಯಿಂದ ಕೊಡವನ್ನು ಸೇದುವವರನ್ನು ಕೇಳಿ ನೋಡಿ: ತುಂಬಿದ ಕೊಡ ನೀರಿನಲ್ಲಿ ಮುಳುಗಿರುವವರೆಗೆ ಹಗ್ಗಕ್ಕೆ ಭಾರವೇ ತಿಳಿಯದು, ಕೊಡವು ನೀರಿನ ಮಟ್ಟವನ್ನು ದಾಟಿ ಮೇಲಕ್ಕೆ ಬಂದಾಗಲೇ ರಟ್ಟೆಗೆ ಕೆಲಸ. ಬಟ್ಟೆಯೊಳಗೆ ಸೇರಿದ ನೀರಿನ ಸಂಗತಿಯೂ ಇಷ್ಟೆ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. 400 ಗ್ರಾಂ ತೂಗುವ ಒಂದು ಹತ್ತಿಯ ಟವೆಲನ್ನು ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ. ಅನಂತರ ಅದನ್ನು ಬಕೆಟ್ಟಿನಲ್ಲಿ ಚೆನ್ನಾಗಿ ಅದ್ದಿ, ಒಳಗಿನ ಗಾಳಿ ಹೋಗುವಂತೆ ಹಿಸುಕಿ, ಮತ್ತೆ ನೆನೆಸಿ, ಹಿಂಡದೆ ಮೇಲಕ್ಕೆತ್ತಿ ತೂಗಿ. ತೂಕವು ಮೂರು ಪಟ್ಟಿಗೂ ಮಿಕ್ಕಿದರೆ ಆಶ್ಚರ್ಯವಿಲ್ಲ. ಈಗ ತಕ್ಕಡಿಯ ಕೊಕ್ಕೆಯಲ್ಲಿರುವಂತೆಯೇ ಟವೆಲನ್ನು ಸಂಪೂರ್ಣವಾಗಿ ನೀರಿನಲ್ಲಿ ಮುಳುಗಿಸಿ, ಬಕೆಟ್ಟಿನ ತಳವನ್ನು ಮುಟ್ಟದಂತೆ ಹಿಡಿದು ಓದಿ. ಮುಳ್ಳು 140 ಗ್ರಾಮಿನ ಆಸುಪಾಸಿಗೆ ಇಳಿದಿರುತ್ತದೆ. ಹತ್ತಿಯ ಎಳೆಯ ಸಾಂದ್ರತೆ ನೀರಿನ ಸಾಂದ್ರತೆಯ 1.54ರಷ್ಟು. ಆದ್ದರಿಂದ ಆರ್ಕಿಮಿಡಿಸನ ತತ್ತ್ವದಂತೆ 400 ಗ್ರಾಂ ಎಳೆಯು ಸುಮಾರು 260 ಗ್ರಾಮಿನಷ್ಟು ತೂಕವನ್ನು ಕಳೆದುಕೊಳ್ಳುತ್ತದೆ. ಕುಡಿದ ನೀರಿನ ತೂಕವಂತೂ ಪೂರ್ತಿಯಾಗಿ ಇಲ್ಲವಾಗುತ್ತದೆ. ಹೀಗಿರಲು ಒಂದು ಹತ್ತಿಯ ಚಡ್ಡಿಯು ನೀರಿನೊಳಗೆ ಈಜುಗಾರನನ್ನು ಕೆಳಕ್ಕೆ ಎಳೆಯುವ ಭಾರ ನೂರು ಗ್ರಾಮನ್ನು ಮುಟ್ಟುವುದೇ ಕಷ್ಟ.

ಹಾಗಾದರೆ ಬಟ್ಟೆ ಉಟ್ಟು ನೀರಿಗೆ ಬಿದ್ದವರು ಬೇಗನೆ ದಣಿದು ಅಪಾಯಕ್ಕೆ ಸಿಲುಕುವುದೇಕೆ? ಅಲ್ಲಿ ಅವರನ್ನು ಸೋಲಿಸುವುದು ತೂಕವಲ್ಲ, ಜಡತ್ವ ಮತ್ತು ರೋಧ. ನೀರಿಗೆ ನೀರಿನಲ್ಲಿ ತೂಕವಿಲ್ಲವಾದರೂ ದ್ರವ್ಯರಾಶಿಯು ಎಲ್ಲಿಯೂ ಹೋಗುವುದಿಲ್ಲ. ಕಾಲನ್ನು ಒಮ್ಮೆ ಒದೆಯುವಾಗ ಸೀರೆಯ ನೆರಿಗೆಯಲ್ಲಿ ಅಥವಾ ಪಂಚೆಯ ಮಡಿಕೆಯಲ್ಲಿ ಸಿಕ್ಕಿಕೊಂಡ ಎರಡು ಮೂರು ಕಿಲೋಗ್ರಾಂ ನೀರನ್ನೂ ಕಾಲಿನೊಡನೆ ಚಲನೆಗೆ ತರಬೇಕು, ಮರುಕ್ಷಣವೇ ನಿಲ್ಲಿಸಬೇಕು, ಹಿಂದಕ್ಕೆ ತಿರುಗಿಸಬೇಕು. ಇದು ಪ್ರತಿ ಒದೆತಕ್ಕೂ ತೆರಬೇಕಾದ ಸುಂಕ. ಅದರ ಮೇಲೆ ಬಟ್ಟೆ ಕಾಲಿಗೆ ಸುತ್ತಿಕೊಳ್ಳುವುದು ಬೇರೆ. ನಮ್ಮ ಹಿರಿಯರಿಗೆ ಈ ಸಮೀಕರಣಗಳು ತಿಳಿಯದಿದ್ದರೂ ತಾತ್ಪರ್ಯ ತಿಳಿದಿತ್ತು. ಬಾವಿಗೆ ಇಳಿಯುವ ಮುನ್ನ ಪಂಚೆಯನ್ನು ಎತ್ತಿ ಕಚ್ಚೆ ಬಿಗಿಯುತ್ತಿದ್ದರು; ಗರಡಿಯ ಪೈಲ್ವಾನರು ಲಂಗೋಟಿಯಲ್ಲಿಯೇ ಈಜುತ್ತಿದ್ದರು. ಮೈಗೆ ಅಂಟಿದ ಕಡಿಮೆ ಬಟ್ಟೆ, ಜೋಲುವ ತುದಿಯಿಲ್ಲ, ನೀರು ನಿಲ್ಲುವ ಮಡಿಕೆಯಿಲ್ಲ: ಇಂದಿನ ಈಜುಡುಗೆಯ ಮೂಲತತ್ತ್ವವೂ ಇದಕ್ಕಿಂತ ಬೇರೆಯಲ್ಲ.

ಈಗ ರೋಧದ ಲೆಕ್ಕಕ್ಕೆ ಬರೋಣ. ದ್ರವದೊಳಗೆ ಚಲಿಸುವ ವಸ್ತುವಿನ ಮೇಲಿನ ರೋಧವು ದ್ರವದ ಸಾಂದ್ರತೆಗೂ, ವಸ್ತು ಎದುರಿಗೆ ಒಡ್ಡುವ ಕ್ಷೇತ್ರಫಲಕ್ಕೂ, ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಈ ಮೂರರ ಗುಣಲಬ್ಧದ ಅರ್ಧವನ್ನು ಆಕೃತಿಯನ್ನವಲಂಬಿಸಿದ ಒಂದು ಗುಣಾಂಕದಿಂದ ಗುಣಿಸಿದರೆ ಬಲವು ನ್ಯೂಟನ್ನುಗಳಲ್ಲಿ ದೊರೆಯುತ್ತದೆ. ನೀರಿನ ಸಾಂದ್ರತೆ ಗಾಳಿಯ ಸಾಂದ್ರತೆಯ 800 ಪಟ್ಟಿಗೂ ಹೆಚ್ಚು. ಓಡುವವನು ಲೆಕ್ಕಿಸದ ಒಂದು ಬಟ್ಟೆಯ ಮಡಿಕೆಯನ್ನು ಈಜುವವನು ಲೆಕ್ಕಿಸಲೇಬೇಕಾಗುವುದು ಈ ಕಾರಣದಿಂದ.

ಹೊಸದಾಗಿ ಪಂದ್ಯಕ್ಕಿಳಿದ ವಯಸ್ಕನು 100 ಮೀಟರನ್ನು 1 ನಿಮಿಷ 40 ಸೆಕೆಂಡುಗಳಲ್ಲಿ ಈಜುವನೆಂದು ಭಾವಿಸಿದರೆ ಅವನ ಸರಾಸರಿ ವೇಗ ಸೆಕೆಂಡಿಗೆ 1 ಮೀಟರು. ಈ ವೇಗದಲ್ಲಿ ಒಳ್ಳೆಯ ಈಜುಗಾರನ ದೇಹದ ಮೇಲಿನ ಒಟ್ಟು ರೋಧವು ಸುಮಾರು 30 ನ್ಯೂಟನ್, ಎಂದರೆ 3 ಕಿಲೋಗ್ರಾಂ ತೂಕದಷ್ಟು. ಕಾಲು ಕೆಳಕ್ಕಿಳಿಬಿಟ್ಟು ಈಜುವ ಹೊಸಬನಿಗೆ ಇನ್ನೂ ಹೆಚ್ಚು. ಈ ರೋಧದಲ್ಲಿ ಮೂರು ಪಾಲುಗಳಿವೆ. ನೀರನ್ನು ಅತ್ತಿತ್ತ ತಳ್ಳಿ ಹಿಂದೆ ಸುಳಿಗಳನ್ನೆಬ್ಬಿಸುವುದರಿಂದ ಬರುವ ಆಕೃತಿರೋಧ. ಮೇಲ್ಮೈಯಲ್ಲಿ ಅಲೆಗಳನ್ನೆಬ್ಬಿಸುವುದರಿಂದ ಬರುವ ತರಂಗರೋಧ. ಚರ್ಮಕ್ಕೂ ಬಟ್ಟೆಗೂ ಉಜ್ಜಿಕೊಂಡು ಸಾಗುವ ನೀರಿನ ಘರ್ಷಣೆ. ಇವುಗಳಲ್ಲಿ ಬಟ್ಟೆಯ ನಯ ಒರಟುತನಗಳಿಗೆ ಸಂಬಂಧಿಸಿದುದು ಮೂರನೆಯದು ಮಾತ್ರ. ಅದು ಎಷ್ಟಿದ್ದೀತು? ದೇಹದ ಹೊರಮೈ 1.8 ಚದರ ಮೀಟರು, ಚಪ್ಪಟೆ ಹಲಗೆಗೆ ಅನ್ವಯಿಸುವ ಘರ್ಷಣಾಂಕ ಈ ವೇಗದಲ್ಲಿ ಸುಮಾರು 0.004 ಎಂದು ಹಿಡಿದರೆ, ಬರುವ ಉತ್ತರ 3.6 ನ್ಯೂಟನ್. ದುಬಾರಿ ಬಟ್ಟೆಯು ಈ ಘರ್ಷಣೆಯನ್ನು ನೂರಕ್ಕೆ ಹತ್ತರಷ್ಟು ತಗ್ಗಿಸಿತೆಂದೇ ಉದಾರವಾಗಿ ಒಪ್ಪೋಣ, ಉಳಿತಾಯ 0.36 ನ್ಯೂಟನ್.

ಇನ್ನು ಸಡಿಲ ಚಡ್ಡಿಯ ಜೇಬೊಂದು ನೀರಿನ ಎದುರಿಗೆ ಬಾಯ್ತೆರೆದು ನಿಂತಿದೆಯೆಂದು ಊಹಿಸಿ. ಬಾಯಿಯ ಅಳತೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ. ಪ್ರವಾಹಕ್ಕೆ ಬಾಯಿಗೊಟ್ಟ ಬಟ್ಟಲಿನಂಥ ಆಕೃತಿಗೆ ಗುಣಾಂಕ ಸುಮಾರು 1.3. ಲೆಕ್ಕ ಮಾಡಿದರೆ 6.5 ನ್ಯೂಟನ್ ದೊರೆಯುತ್ತದೆ. ಎಂದರೆ ಒಂದೇ ಒಂದು ಜೇಬು ದೇಹದ ಒಟ್ಟು ರೋಧದ ಐದನೆಯ ಒಂದು ಪಾಲಿಗಿಂತ ಹೆಚ್ಚು ರೋಧವನ್ನು ತಂದೊಡ್ಡಿತು; ದುಬಾರಿ ಬಟ್ಟೆಯ ಉಳಿತಾಯದ 18 ಪಟ್ಟನ್ನು ನುಂಗಿಹಾಕಿತು. ಹೆಂಗಸರ ಉಡುಪಿನಲ್ಲಿ ಕೊರಳ ಸುತ್ತಿನ ಅಂಚು ಎದೆಯಿಂದ ಬಿಟ್ಟುಕೊಂಡಿದ್ದರೂ ಇದೇ ಅನಾಹುತ: ನೀರು ಅಲ್ಲಿಂದ ಒಳಹೊಕ್ಕು ಹೊಟ್ಟೆಯ ಬಳಿ ಚೀಲದಂತೆ ಉಬ್ಬುತ್ತದೆ.

ಕಟ್ಟೆಯಿಂದ ಧುಮುಕುವಾಗ ಸಂಗತಿ ಇನ್ನೂ ವಿಪರೀತ. ಆಗ ದೇಹವು ಸೆಕೆಂಡಿಗೆ 4 ಮೀಟರಿಗೂ ಮಿಕ್ಕಿದ ವೇಗದಿಂದ ನೀರನ್ನು ಪ್ರವೇಶಿಸಬಹುದು. ವೇಗ ನಾಲ್ಕು ಪಟ್ಟಾದರೆ ರೋಧ ಹದಿನಾರು ಪಟ್ಟು. ಮೇಲೆ ಹೇಳಿದ ಜೇಬಿನ ಮೇಲಿನ ಬಲ ನೂರು ನ್ಯೂಟನ್ನನ್ನು ದಾಟುತ್ತದೆ. ಹತ್ತು ಕಿಲೋಗ್ರಾಂ ತೂಕದಷ್ಟು ಬಲ ಚಡ್ಡಿಯನ್ನು ಹಿಂದಕ್ಕೆ ಜಗ್ಗಿದಂತಾಯಿತು. ಸೊಂಟದಲ್ಲಿ ಲಾಡಿಯಿಲ್ಲದ ಉಡುಪಿನ ಗತಿ ಆ ಕ್ಷಣದಲ್ಲಿ ಏನಾಗುವುದೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಗಂಡಸರ ಈಜು ಚಡ್ಡಿಗೆ ಒಳಬದಿಯಲ್ಲಿ ಲಾಡಿಯಿರಲೇಬೇಕು, ಅದನ್ನು ಗಂಟು ಹಾಕಿಯೇ ಇರಬೇಕು.

ಜೋಲುವ ಬಟ್ಟೆ ಕೆಟ್ಟದ್ದೆಂದು ತಿಳಿದ ಮೇಲೆ, ಬಿಗಿಯಾದಷ್ಟೂ ಒಳ್ಳೆಯದೆಂದು ತೀರ್ಮಾನಿಸುವುದು ಮನಸ್ಸಿಗೆ ಸುಲಭ. ಈ ತೀರ್ಮಾನಕ್ಕೆ ಬೆಂಬಲವಾಗಿ ಚರಿತ್ರೆಯೂ ಒಂದು ಉದಾಹರಣೆಯನ್ನು ಒದಗಿಸುತ್ತದೆ. 2008ರಲ್ಲಿ ಸ್ಪೀಡೋ ಕಂಪನಿಯು ಎಲ್‌ಜೆಡ್‌ಆರ್ ರೇಸರ್ ಎಂಬ ಉಡುಪನ್ನು ಹೊರತಂದಿತು. ಪಾಲಿಯುರಿಥೇನಿನ ಪಟ್ಟಿಗಳು ದೇಹವನ್ನು ಅಮುಕಿ ಒಂದು ನಯವಾದ ಕೊಳವೆಯ ಆಕಾರಕ್ಕೆ ತರುತ್ತಿದ್ದವು. ಅದನ್ನು ಮೀರಿಸಲು ಬೇರೆ ಕಂಪನಿಗಳು ಇಡೀ ಉಡುಪನ್ನೇ ನೀರು ಹೋಗಗೊಡದ ಪದಾರ್ಥದಿಂದ ಮಾಡಿದವು. 2009ರಲ್ಲಿ ರೋಮಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 43 ವಿಶ್ವದಾಖಲೆಗಳು ಮುರಿದವು. ನೀರು ನುಸುಳದ ಪೊರೆಯ ಒಳಗೆ ಸಿಕ್ಕಿಕೊಂಡ ಗಾಳಿ ತೇಲುವಿಕೆಗೆ ನೆರವಾಗುತ್ತದೆಂಬ ವಾದ ಆಗ ಬಲವಾಯಿತು. ಒಂದು ಲೀಟರ್ ಗಾಳಿ ಸಿಕ್ಕಿಕೊಂಡರೆ ಒಂದು ಕಿಲೋಗ್ರಾಮಿನ ತೇಲುಬಲ! ಈಜು ಯಾರದು, ಉಡುಪಿನದೋ ಈಜುಗಾರನದೋ ಎಂಬ ಪ್ರಶ್ನೆ ಎದ್ದು, 2010ರ ಜನವರಿ 1ರಿಂದ ಅಂತಾರಾಷ್ಟ್ರೀಯ ಸಂಸ್ಥೆಯು ಇಂಥ ಉಡುಪುಗಳನ್ನು ನಿಷೇಧಿಸಿತು. ಅಂದಿನಿಂದ ಈಜುಡುಗೆ ನೇಯ್ದ ಅಥವಾ ಹೆಣೆದ ಬಟ್ಟೆಯದೇ ಆಗಿರಬೇಕು, ದಪ್ಪ 0.8 ಮಿಲಿಮೀಟರನ್ನು ಮೀರಕೂಡದು. ಗಂಡಸರದು ಹೊಕ್ಕುಳಿನಿಂದ ಮೇಲಕ್ಕೂ ಮೊಣಕಾಲಿನಿಂದ ಕೆಳಕ್ಕೂ ಹೋಗಬಾರದು. ಹೆಂಗಸರದು ಕೊರಳನ್ನು ಮುಚ್ಚಬಾರದು, ಹೆಗಲನ್ನೂ ಮೊಣಕಾಲನ್ನೂ ದಾಟಬಾರದು. ಜಿಪ್ಪು ಗುಂಡಿಗಳಿಗೆ ಅವಕಾಶವಿಲ್ಲ. ಒಂದರ ಮೇಲೊಂದು ಎರಡು ಉಡುಪು ತೊಡುವಂತೆಯೂ ಇಲ್ಲ.

ನಿಯಮಗಳೊಳಗೇ ಇರುವ, ತೊಡಲು ಹತ್ತಿಪ್ಪತ್ತು ನಿಮಿಷ ಹಿಡಿಯುವ ಅತಿಬಿಗಿಯ ಪಂದ್ಯದುಡುಪುಗಳು ಇಂದಿಗೂ ಮಾರಾಟವಾಗುತ್ತವೆ. ಅವು ಹೊಸಬನಿಗೆ ಬೇಕೆ? ಬೆಂಗಳೂರಿನ ಶ್ರೀಹರಿ ನಟರಾಜ್ ಅವರು 2021ರಲ್ಲಿ ರೋಮಿನಲ್ಲಿ 100 ಮೀಟರ್ ಬೆನ್ನೀಜನ್ನು 53.77 ಸೆಕೆಂಡುಗಳಲ್ಲಿ ಮುಗಿಸಿ ಟೋಕಿಯೋ ಒಲಿಂಪಿಕ್ಸಿಗೆ ಅರ್ಹತೆಯನ್ನು ಪಡೆದರು. ಅವರ ಸರಾಸರಿ ವೇಗ ಸೆಕೆಂಡಿಗೆ 1.86 ಮೀಟರು. ನಮ್ಮ ಹೊಸಬನ ವೇಗ 1 ಮೀಟರು. ರೋಧವು ವೇಗದ ವರ್ಗದಂತೆ ಏರುವುದರಿಂದ ಶ್ರೀಹರಿಯವರು ಎದುರಿಸುವ ಬಲ, ಉಳಿದೆಲ್ಲವೂ ಸಮಾನವಾಗಿದ್ದರೆ, ಹೊಸಬನದರ ಸುಮಾರು ಮೂರೂವರೆ ಪಟ್ಟು; ಬೇಕಾಗುವ ಸಾಮರ್ಥ್ಯವು ವೇಗದ ಘನದಂತೆ ಏರುವುದರಿಂದ ಅದು ಆರು ಪಟ್ಟಿಗೂ ಹೆಚ್ಚು. ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಪದಕ ಕೈತಪ್ಪುವವರಿಗೆ ಆ ಅಲ್ಪ ಉಳಿತಾಯಕ್ಕೂ ಬೆಲೆಯುಂಟು. ಹೊಸಬನಾದರೋ ತಲೆಯನ್ನು ನೆಟ್ಟಗಿಟ್ಟು ಕಾಲನ್ನು ಒಂದು ಗೇಣು ಮೇಲಕ್ಕೆ ತಂದರೆ ಅದರ ಹತ್ತಾರು ಪಟ್ಟು ಉಳಿಸಬಲ್ಲನು. ಹಣ ಖರ್ಚಾಗದ ಉಳಿತಾಯವದು.

ಅತಿಬಿಗಿಗೆ ಬೆಲೆಯೂ ತೆರಬೇಕು. ಇದು ಸಾಮಾನ್ಯವಾಗಿ ಯಾರೂ ಹೇಳದ ಸಂಗತಿಯಾದ್ದರಿಂದ ಇಲ್ಲಿ ತುಸು ನಿಧಾನಿಸೋಣ. ಹಿಗ್ಗಿದ ಬಟ್ಟೆಯೊಂದು ದುಂಡಾದ ಅಂಗವನ್ನು ಸುತ್ತುವರಿದಾಗ ಅದು ಒಳಕ್ಕೆ ಅಮುಕುವ ಒತ್ತಡವು ಬಟ್ಟೆಯ ಬಿಗುಪನ್ನು ಅಂಗದ ತ್ರಿಜ್ಯದಿಂದ ಭಾಗಿಸಿದಷ್ಟು. ಲಾಪ್ಲಾಸನ ಹೆಸರಿನಲ್ಲಿ ಪ್ರಸಿದ್ಧವಾದ ಈ ನಿಯಮವನ್ನು ಸೋಪಿನ ಗುಳ್ಳೆಯ ಪಾಠದಲ್ಲಿ ನೀವು ಕಂಡಿರಬಹುದು. ಬಟ್ಟೆಯ ಬಿಗುಪು ಸೆಂಟಿಮೀಟರಿಗೆ 1 ನ್ಯೂಟನ್ ಎಂದಿಟ್ಟುಕೊಳ್ಳಿ. ಸುಮಾರು 15 ಸೆಂಟಿಮೀಟರ್ ತ್ರಿಜ್ಯದ ಎದೆಗೂಡಿನ ಮೇಲೆ ಅದು ಹಾಕುವ ಒತ್ತಡ ಪಾದರಸದ 5 ಮಿಲಿಮೀಟರಿನಷ್ಟು. 8 ಸೆಂಟಿಮೀಟರ್ ತ್ರಿಜ್ಯದ ತೊಡೆಯ ಮೇಲೆ 9 ಮಿಲಿಮೀಟರಿಗಿಂತ ತುಸು ಹೆಚ್ಚು. 4 ಸೆಂಟಿಮೀಟರಿನಷ್ಟೇ ತ್ರಿಜ್ಯದಿಂದ ಬಾಗಿರುವ ಹೆಗಲಿನ ಮೇಲೆ ಸುಮಾರು 19 ಮಿಲಿಮೀಟರು. ಬಟ್ಟೆ ಒಂದೇ, ಬಿಗುಪೂ ಒಂದೇ. ಆದರೆ ಹೊಟ್ಟೆಯ ಬಳಿ ಹಿತವೆನಿಸಿದ ಉಡುಪು ಹೆಗಲಿನಲ್ಲಿ ಕೊರೆಯುತ್ತದೆ. ಉಡುಪಿನ ಪಟ್ಟಿ ಕಿರಿದಾದರೆ ಅದೇ ಬಲ ಇನ್ನೂ ಕಡಿಮೆ ಜಾಗದಲ್ಲಿ ಕೂಡಿ ಒತ್ತಡ ಮತ್ತೂ ಏರುತ್ತದೆ. ಭಾರದ ಚೀಲವನ್ನು ದಾರದಿಂದ ಹಿಡಿದು ಎತ್ತಿದವರಿಗೆ ಈ ನಿಯಮ ಬೆರಳಿನಲ್ಲಿಯೇ ಬರೆದಿರುತ್ತದೆ.

ಎದೆಯ ಮೇಲಿನ 5 ಮಿಲಿಮೀಟರು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಎದೆಯು ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿರುವಾಗ ನೀರೇ ಅದನ್ನು ಪಾದರಸದ 22 ಮಿಲಿಮೀಟರಿನಷ್ಟು ಒತ್ತಡದಿಂದ ಅಮುಕುತ್ತಿರುತ್ತದೆ. ಮೊದಲ ಬಾರಿಗೆ ಎದೆಮಟ್ಟದ ನೀರಿಗಿಳಿದವರಿಗೆ ಉಸಿರು ಹಿಡಿದಂತಾಗುವುದು ಇದರಿಂದಲೇ. ಉಸಿರೆಳೆದುಕೊಳ್ಳುವ ಸ್ನಾಯುಗಳು ಪ್ರತಿ ಬಾರಿಯೂ ಈ ಒತ್ತಡದ ವಿರುದ್ಧ ಎದೆಗೂಡನ್ನು ಹಿಗ್ಗಿಸಬೇಕು. ಮುಖವನ್ನು ಹೊರಳಿಸಿ ಅರ್ಧ ಸೆಕೆಂಡಿನಲ್ಲಿ ಉಸಿರು ತುಂಬಿಕೊಳ್ಳುವ ಕಲೆಯನ್ನು ಇನ್ನೂ ಕಲಿಯುತ್ತಿರುವವನಿಗೆ ನೀರಿನ ಹೊರೆಯ ಮೇಲೆ ಬಟ್ಟೆಯ ಹೊರೆಯನ್ನೂ ಹೇರುವುದು ಯಾವ ನ್ಯಾಯ? ಉಸಿರು ಸಾಲದವನು ತಲೆಯೆತ್ತುತ್ತಾನೆ. ತಲೆಯೆತ್ತಿದರೆ ಸೊಂಟ ಇಳಿಯುತ್ತದೆ. ಸೊಂಟ ಇಳಿದರೆ ಆಕೃತಿರೋಧ ಬೆಳೆಯುತ್ತದೆ. ಹೀಗೆ ರೋಧವನ್ನು ತಗ್ಗಿಸಲೆಂದು ಕೊಂಡ ಬಿಗಿ ಉಡುಪು ರೋಧವನ್ನೇ ಹೆಚ್ಚಿಸಿಬಿಡುತ್ತದೆ. ಹೊಸಬನ ಪಾಲಿಗೆ ಹಿತವಾದ ಉಡುಪೇ ವೇಗದ ಉಡುಪು ಎಂಬ ನನ್ನ ಅಭಿಪ್ರಾಯಕ್ಕೆ ಈ ಸರಪಳಿಯೇ ಆಧಾರ.

ಹಾಗಾದರೆ ಸರಿಯಾದ ಬಿಗಿಯನ್ನು ಗುರುತಿಸುವುದು ಹೇಗೆ? ಒಣಗಿರುವಾಗ ಮೈಗೆ ಎಲ್ಲೆಡೆಯೂ ಅಂಟಿ, ಎಲ್ಲಿಯೂ ಚರ್ಮವನ್ನು ಉಬ್ಬಿಸದಂತಿರಬೇಕು. ನೈಲಾನ್ ನೆನೆದಾಗ ತುಸು ಮೆತ್ತಗಾಗುವುದರಿಂದ ಅಂಗಡಿಯಲ್ಲಿ ಆರಾಮವಾಗಿ ಸಡಿಲವೆನಿಸಿದ್ದು ಕೊಳದಲ್ಲಿ ಜೋಲುತ್ತದೆ. ಅಂಗಡಿಯಲ್ಲಿ ಒಂದು ಕೂದಲೆಳೆ ಬಿಗಿಯೆನಿಸಿದ್ದು ನೀರಿನಲ್ಲಿ ಸರಿಹೋಗುತ್ತದೆ. ತೊಟ್ಟ ಮೇಲೆ ಕನ್ನಡಿಯ ಮುಂದೆ ನಿಂತು ನೋಡುವುದರಿಂದ ಪ್ರಯೋಜನವಿಲ್ಲ. ಈಜುವವನು ಕನ್ನಡಿಯ ಮುಂದೆ ನಿಲ್ಲುವ ಭಂಗಿಯಲ್ಲಿ ಈಜುವುದಿಲ್ಲ. ಎರಡು ಕೈಗಳನ್ನೂ ಕಿವಿಗೆ ತಾಗುವಂತೆ ಮೇಲಕ್ಕೆ ಚಾಚಬೇಕು, ಸೊಂಟದಿಂದ ಮುಂದಕ್ಕೆ ಬಾಗಬೇಕು, ಕುಕ್ಕರಗಾಲಿನಲ್ಲಿ ಕುಳಿತು ಏಳಬೇಕು, ತೋಳನ್ನು ಗಾಣದಂತೆ ತಿರುಗಿಸಬೇಕು. ಆಗ ಹೆಗಲ ಪಟ್ಟಿಯ ಕೆಳಗೆ ಎರಡು ಬೆರಳು ನುಸುಳುವಷ್ಟು ಎಡೆಯಿದ್ದು, ಕೊರಳ ಅಂಚು ಎದೆಯನ್ನು ಬಿಡದೆ, ತೊಡೆಯ ಅಂಚು ಮೇಲಕ್ಕೆ ಉರುಳದೆ ಇದ್ದರೆ ಅಳತೆ ಸರಿಯೆನ್ನಬಹುದು. ಹೆಂಗಸರ ಉಡುಪಿನಲ್ಲಿ ಎದೆ ಸೊಂಟಗಳ ಸುತ್ತಳತೆಗಿಂತಲೂ ಹೆಗಲಿನಿಂದ ಹೊರಟು ಕಾಲುಗಳ ನಡುವೆ ಹಾಯ್ದು ಬೆನ್ನಿನ ಮೇಲಿಂದ ಮತ್ತೆ ಅದೇ ಹೆಗಲಿಗೆ ಬರುವ ಉದ್ದದ ಅಳತೆ ಮುಖ್ಯವಾದುದು. ಇದು ಐದು ಸೆಂಟಿಮೀಟರ್ ಕಡಿಮೆಯಾದರೆ ಹುಕ್ಕನ ನಿಯಮದಂತೆ ಆ ಐದು ಸೆಂಟಿಮೀಟರಿನ ಹಿಗ್ಗುವಿಕೆಗೆ ತಕ್ಕ ಬಲವೆಲ್ಲ ಎರಡು ಹೆಗಲುಗಳ ಮೇಲೆ ಕೂಡುತ್ತದೆ. ಎತ್ತರದವರು ಇದನ್ನು ನೆನಪಿಡಬೇಕು.

ಬೆನ್ನಿನ ಆಕಾರಕ್ಕೂ ಕಾರಣವುಂಟು. ತೋಳು ಮೇಲಕ್ಕೇಳುವಾಗ ಹೆಗಲ ಹಲಗೆಯ ಮೂಳೆಯು ಪಕ್ಕೆಲುಬುಗಳ ಮೇಲೆ ಜಾರಿ ತಿರುಗಬೇಕು. ಪಟ್ಟಿಗಳು ಬೆನ್ನಿನ ನಡುವೆ ಕೂಡುವಂತೆ ಹೊಲಿದರೆ ಆ ಮೂಳೆ ಬಿಡುಗಡೆಯಾಗಿ ಚಲಿಸುತ್ತದೆ. 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯದ ಕ್ಲೇರ್ ಡೆನ್ನಿಸ್ ಇಂಥ ಉಡುಪನ್ನು ತೊಟ್ಟಿದ್ದರು. ಹೆಗಲಿನ ಮೂಳೆ ಹೆಚ್ಚಾಗಿ ಕಾಣುತ್ತದೆಂಬ ಆಕ್ಷೇಪಣೆ ಬಂದು ಅವರನ್ನು ಅನರ್ಹಗೊಳಿಸುವ ಮಾತೂ ನಡೆಯಿತು. ಆಕ್ಷೇಪಣೆ ನಿಲ್ಲಲಿಲ್ಲ, 200 ಮೀಟರ್ ಎದೆಯೀಜಿನ ಚಿನ್ನದ ಪದಕ ಅವರದಾಯಿತು. ಮಹಿಳೆಯರಿಗೆ ಒಲಿಂಪಿಕ್ ಈಜಿನಲ್ಲಿ ಅವಕಾಶ ದೊರೆತದ್ದೇ 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಆ ಕಾಲದಲ್ಲಿ ಉಣ್ಣೆಯ ಈಜುಡುಗೆಗಳೂ ಬಳಕೆಯಲ್ಲಿದ್ದವು. ಮಳೆಯಲ್ಲಿ ನೆನೆದ ಕಂಬಳಿಯನ್ನು ಹೆಗಲಿಗೇರಿಸಿದ ನಮ್ಮ ಕಡೆಯ ಕುರಿಗಾಹಿಗಳಿಗೆ ಆ ಉಡುಪಿನ ಸುಖವನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ಈ ಸಂದರ್ಭದಲ್ಲಿ ನಮ್ಮ ವಿದ್ಯಾರ್ಥಿನಿಯರಿಗೆ ಒಂದು ಮಾತು. ಸಂಕೋಚವೂ ಅಸೌಖ್ಯದ ಒಂದು ಬಗೆಯೇ. ಉಡುಪನ್ನು ಎಳೆದು ಸರಿಪಡಿಸಿಕೊಳ್ಳುವುದರಲ್ಲಿಯೇ ಗಮನವಿಟ್ಟವಳು ಕೈಕಾಲಿನ ಬಡಿತಕ್ಕೆ ಗಮನ ಕೊಡಲಾರಳು. ಮೊಣಕಾಲಿನವರೆಗೆ ಬರುವ ಉಡುಪು ಪಂದ್ಯದ ನಿಯಮಗಳಿಗೆ ಸಮ್ಮತವಾದುದು. ಅದರಿಂದ ವೇಗ ಕುಂದುವುದೆಂಬ ಭಯವಿದ್ದರೆ ಹಿಂದಿನ ಲೆಕ್ಕವನ್ನು ನೋಡಿ: ಇಡೀ ಮೈಯ ಘರ್ಷಣೆಯೇ 3.6 ನ್ಯೂಟನ್, ತೊಡೆಯ ಭಾಗವನ್ನು ಚರ್ಮದ ಬದಲು ಮೈಗಂಟಿದ ನಯವಾದ ಬಟ್ಟೆ ಮುಚ್ಚಿದರೆ ಅದರಲ್ಲಿ ಆಗುವ ವ್ಯತ್ಯಾಸ ಗಣನೆಗೆ ಬರುವಂಥದಲ್ಲ. ಅಭ್ಯಾಸದ ವೇಳೆಯಲ್ಲಿ ಕೊಳದವರು ಒಪ್ಪಿದರೆ ತೋಳನ್ನೂ ಕಾಲನ್ನೂ ಪೂರ್ತಿ ಮುಚ್ಚುವ ಬಿಗಿಯಾದ ನೈಲಾನ್ ಉಡುಪನ್ನು ತೊಟ್ಟರೂ ಹಾನಿಯಿಲ್ಲ. ರೋಧವನ್ನು ನಿರ್ಧರಿಸುವುದು ಬಟ್ಟೆ ಎಷ್ಟು ಮುಚ್ಚಿದೆ ಎಂಬುದಲ್ಲ, ಎಷ್ಟು ಜೋಲುತ್ತಿದೆ ಎಂಬುದು. ಬೆಂಗಳೂರಿನ ನಿಶಾ ಮಿಲ್ಲೆಟ್ 2000ದಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿಯೂ, ಧಿನಿಧಿ ದೇಸಿಂಗು 14ರ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿಯೂ 200 ಮೀಟರ್ ಈಜಿದರು. ಅವರಂತೆ ಬಾಲ್ಯದಲ್ಲಿ ಆರಂಭಿಸಲಿಲ್ಲವಲ್ಲಾ ಎಂದು ಕೊರಗುವವರು ತಿಳಿದಿರಲಿ: ಮಾಸ್ಟರ್ಸ್ ಎಂಬ ಹೆಸರಿನ ಪಂದ್ಯಗಳ ವಯೋವರ್ಗ ಅಂತಾರಾಷ್ಟ್ರೀಯ ನಿಯಮದಂತೆ 25ನೆಯ ವರ್ಷಕ್ಕೆ ತೊಡಗಿ, ಐದೈದು ವರ್ಷಗಳ ಮೆಟ್ಟಿಲುಗಳಲ್ಲಿ ವೃದ್ಧಾಪ್ಯದವರೆಗೂ ಸಾಗುತ್ತದೆ.

ಬಟ್ಟೆಯ ವಿಚಾರವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಸಾಮಾನ್ಯ ಹವೆಯಲ್ಲಿ ಹತ್ತಿಯ ಎಳೆ ತನ್ನ ಒಣತೂಕದ ನೂರಕ್ಕೆ 8ರಷ್ಟು ತೇವವನ್ನು ಹೀರಿಕೊಂಡಿರುತ್ತದೆ, ಉಣ್ಣೆ 16ರಷ್ಟು. ನೈಲಾನ್ 4ರಷ್ಟು, ಪಾಲಿಯೆಸ್ಟರ್ ಅರ್ಧಕ್ಕಿಂತಲೂ ಕಡಿಮೆ. ನೀರನ್ನು ಎಳೆಯೊಳಗೆ ಸೇರಿಸಿಕೊಳ್ಳದ ಈ ಕೃತಕ ತಂತುಗಳು ಬೇಗನೆ ಒಣಗುತ್ತವೆ, ಆಕಾರವನ್ನು ಕಳೆದುಕೊಳ್ಳುವುದಿಲ್ಲ. ಆದರೆ ಅವುಗಳಿಗೆ ರಬ್ಬರಿನಂತೆ ಹಿಗ್ಗಿ ಹಿಂದಿರುಗುವ ಗುಣವಿಲ್ಲ. ಆ ಗುಣವನ್ನು ತಂದುಕೊಡುವುದು 1958ರಲ್ಲಿ ಅಮೆರಿಕೆಯ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದ ಇಲಾಸ್ಟೇನ್ ಎಂಬ ತಂತು. ಸ್ಪ್ಯಾಂಡೆಕ್ಸ್, ಲೈಕ್ರಾ ಎಂಬವೂ ಅದರ ಹೆಸರುಗಳೇ. ಪೇಟೆಯಲ್ಲಿ ದೊರೆಯುವ ಬಹುಪಾಲು ಈಜುಡುಗೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ನೈಲಾನ್ ಅಥವಾ ಪಾಲಿಯೆಸ್ಟರ್, ಉಳಿದದ್ದು ಇಲಾಸ್ಟೇನ್. ತೊಡುವಾಗ ಬಲು ಹಿತ. ಆದರೆ ಕೊಳದ ನೀರಿಗೆ ಬೆರೆಸುವ ಕ್ಲೋರಿನ್ ಈ ತಂತುವಿನ ಶತ್ರು. ನೀರಿನಲ್ಲಿ ಉಂಟಾಗುವ ಹೈಪೊಕ್ಲೋರಸ್ ಆಮ್ಲವು ಅದರ ಅಣುಸರಪಳಿಯನ್ನು ಆಕ್ಸಿಡೀಕರಿಸಿ ತುಂಡರಿಸುತ್ತದೆ. ದಿನವೂ ಅಭ್ಯಾಸ ಮಾಡುವವರು ‘ಪಿಬಿಟಿ’ ಎಂದು ಚೀಟಿಯಲ್ಲಿ ನಮೂದಿಸಿದ ಪಾಲಿಯೆಸ್ಟರಿನ ಉಡುಪನ್ನು ಕೊಳ್ಳುವುದು ಮೇಲು. ಅದು ಇಲಾಸ್ಟೇನಿನಷ್ಟು ಹಿಗ್ಗದು, ಆದರೆ ಕ್ಲೋರಿನ್ನಿಗೆ ಜಗ್ಗದು.

ಗಂಡಸರಿಗೆ ಮೊಣಕಾಲಿನವರೆಗೆ ಬಿಗಿಯಾಗಿ ಬರುವ, ‘ಜ್ಯಾಮರ್’ ಎಂದು ಕರೆಯುವ ಚಡ್ಡಿ ಸಾಕು; ಗಿಡ್ಡ ಚಡ್ಡಿಯೂ ಅಷ್ಟೇ ಒಳ್ಳೆಯದು. ಯಾವುದನ್ನು ಕೊಂಡರೂ ಒಳಹೊಲಿಗೆಗಳನ್ನು ಬೆರಳಾಡಿಸಿ ನೋಡಬೇಕು. ಒಂದು ಕಿಲೋಮೀಟರ್ ಈಜುವ ಹೊಸಬನು ಸುಮಾರು ಸಾವಿರ ಬಾರಿ ಕೈಬೀಸುತ್ತಾನೆ, ಎಂದರೆ ಒಂದೊಂದು ತೋಳು ಐನೂರು ಸಲ ಹೊಲಿಗೆಯನ್ನು ಉಜ್ಜಿಕೊಂಡು ಹೋಗುತ್ತದೆ. ಒದ್ದೆ ಚರ್ಮದ ಘರ್ಷಣೆ ಒಣ ಚರ್ಮದ್ದಕ್ಕಿಂತ ಹೆಚ್ಚು. ಕಂಕುಳಿನಲ್ಲಿ ಅಂಗಡಿಯ ಹೊತ್ತಿಗೆ ತಿಳಿಯದ ಒಂದು ಗಂಟು ಸಂಜೆಯ ಹೊತ್ತಿಗೆ ಗಾಯವಾಗಿರುತ್ತದೆ.

ಕೊಳದಿಂದ ಹೊರಬಂದ ಕೂಡಲೇ ಉಡುಪನ್ನು ಸಾದಾ ನೀರಿನಲ್ಲಿ ಜಾಲಿಸಿ, ತಿರುಚಿ ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಗಿಸಬೇಕು. ಬಳ್ಳಾರಿಯ ಕಡೆಯ ಬೇಸಗೆಯ ಬಿಸಿಲಿಗೆ ಹರವಿದರೆ ಶಾಖವೂ ಅತಿನೇರಳೆ ಕಿರಣಗಳೂ ಕೂಡಿ ಕ್ಲೋರಿನ್ ಅರ್ಧಕ್ಕೆ ಬಿಟ್ಟ ಕೆಲಸವನ್ನು ಪೂರೈಸುತ್ತವೆ. ಕೆಲವು ತಿಂಗಳಾದ ಮೇಲೆ ಉಡುಪನ್ನು ಎರಡೂ ಕೈಗಳಿಂದ ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಬೆಳಕು ಚುಕ್ಕಿಚುಕ್ಕಿಯಾಗಿ ಕಂಡರೆ, ಬಿಟ್ಟ ಕೂಡಲೇ ಬಟ್ಟೆ ಹಿಂದಿರುಗದೆ ಸುಕ್ಕುಗಟ್ಟಿದರೆ, ಇಲಾಸ್ಟೇನ್ ಸತ್ತಿದೆಯೆಂದು ತಿಳಿಯಬೇಕು. ಮೊದಲಿಗೆ ಜೋಲತೊಡಗುವುದು ಹಿಂಭಾಗ ಮತ್ತು ಕೊರಳಿನ ಅಂಚು. ಅಲ್ಲಿಂದ ಮುಂದೆ ಅದು ಜೇಬಿನ ಲೆಕ್ಕಕ್ಕೆ ಸೇರುತ್ತದೆ.